ಐದು ಲಕ್ಷ ಖಾಲಿಯಾಗುವ ತನಕ: 'ಮಿಲೇನಿಯಂ ಮ್ಯಾಂಬೋ' ಎಂಬ ಒಂದು ಪ್ರಕರಣ

ಅಕ್ಕನ ಮಗಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಬೆಂಗಳೂರಲ್ಲಿ ಪಿಜಿ, ಭಾನುವಾರ ಮಾತ್ರ ನಮ್ಮನೆ ಊಟ. ಅಂಥ ಒಂದು ಭಾನುವಾರ ಅನ್ನ ಸಾರು ಮುಗಿಸಿ, ಕೈ ತೊಳೆದು ಬಂದವಳೇ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಮಾಮ, ಇದು ಯಾವ ಸಿನಿಮಾ?"

ಅರ್ಧ ನಿಮಿಷದ ತುಣುಕು. ಮೇಲೆ ಚಾವಣಿ ಇರುವ ಉದ್ದನೆಯ ಕಾಲ್ಸೇತುವೆ. ಸಾಲಾಗಿ ಟ್ಯೂಬ್‌ಲೈಟು, ಎಲ್ಲದಕ್ಕೂ ನೀಲಿ ಬಣ್ಣ ಬಳಿದ ಹಾಗೆ. ಕೈಯಲ್ಲಿ ಸಿಗರೇಟು ಹಿಡಿದ ಹುಡುಗಿಯೊಬ್ಬಳು ನಮಗೆ ಬೆನ್ನು ಹಾಕಿ ನಡೆಯುತ್ತಿದ್ದಾಳೆ. ಎಲ್ಲವೂ ನಿಧಾನ. ಹೆಜ್ಜೆ ಹೆಜ್ಜೆಗೂ ಕೂದಲು ಏಳುತ್ತದೆ, ಇಳಿಯುತ್ತದೆ. ಮಧ್ಯೆ ಮಧ್ಯೆ ತಿರುಗಿ ನಮ್ಮನ್ನು ನೋಡುತ್ತಾಳೆ. ಹಿಂದೆ ಟೆಕ್ನೋ ಸಂಗೀತ. ಯಾರೋ ಅದರ ಮೇಲೆ 'ಮೂಡ್' ಅಂತ ಬರೆದು ಒಂದು ಹಾರ್ಟ್ ಹಾಕಿದ್ದರು.

"ಮಿಲೇನಿಯಂ ಮ್ಯಾಂಬೋ" ಅಂದೆ. 2001ರ ತೈವಾನ್ ಚಿತ್ರ, ನಿರ್ದೇಶಕ ಹೋ ಶಿಯಾವೋ-ಶಿಯೆನ್.

"ಇಷ್ಟೇ ಚೆನ್ನಾಗಿದೆಯಾ?"

"ಇಷ್ಟು ಚೆಂದ ಇಲ್ಲ. ಇದಕ್ಕಿಂತ ಒಳ್ಳೆಯದು."

ಅವತ್ತೇ ರಾತ್ರಿ ಕೂತು ನೋಡಿದೆವು. ಮುಕ್ಕಾಲು ಗಂಟೆ ಸುಮ್ಮನಿದ್ದವಳು ಕೊನೆಗೆ ಕೇಳಿಯೇಬಿಟ್ಟಳು: "ಮಾಮ, ಇವಳು ಯಾಕೆ ಎದ್ದು ಹೋಗಲ್ಲ?" ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಇನ್ನೆರಡು ಸಲ ನೋಡಿದೆ. ಉತ್ತರ ಆ ಸೇತುವೆಯ ಮೇಲೇ ಇತ್ತು. ರೀಲ್ ಮಾಡಿದವರು ಅದನ್ನು ಕತ್ತರಿಸಿ ಹಾಕಿದ್ದರು, ಅಷ್ಟೇ.

ಪ್ರಕರಣ ಏನು

ವಿಕಿ ಎಂಬ ಹುಡುಗಿ. ತೈವಾನ್ ರಾಜಧಾನಿ ತೈಪೆಯಿಂದ ಹೆಚ್ಚು ದೂರವಿಲ್ಲದ ಕೀಲುಂಗ್ ಎಂಬ ಬಂದರು ಊರಿನ ಕಡೆಯವಳು. ಹದಿಹರೆಯದಲ್ಲೇ ಹಾವ್-ಹಾವ್ ಎಂಬ ಹುಡುಗನ ಜತೆ ಸೇರುತ್ತಾಳೆ. (ಕನ್ನಡದ ಕಿವಿಗೆ ಈ ಹೆಸರು ಬೇರೇನೋ ಕೇಳಿಸುತ್ತದೆ. ಅಕ್ಕನ ಮಗಳು ಪೂರ್ತಿ ಸಿನಿಮಾ ಅವನನ್ನು 'ಹಾವು' ಅಂತಲೇ ಕರೆದಳು. ತಪ್ಪೇನೂ ಅನ್ನಿಸಲಿಲ್ಲ.) ಇಬ್ಬರೂ ತೈಪೆಯಲ್ಲಿ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದಾರೆ. ಅವನಿಗೆ ಕೆಲಸವಿಲ್ಲ, ಹುಡುಕುವುದೂ ಇಲ್ಲ. ಮನೆಯಲ್ಲೇ ಡಿಜೆ ಸಾಮಾನು ಇಟ್ಟುಕೊಂಡು ತಟ್ಟೆ ತಿರುಗಿಸುತ್ತಾನೆ. ಹಗಲು ನಿದ್ದೆ, ರಾತ್ರಿ ಕ್ಲಬ್ಬು, ಗೆಳೆಯರು, ಕುಡಿತ, ಮಾದಕ ವಸ್ತು. ನಮ್ಮಲ್ಲಿ ಇಂಥವನಿಗೆ 'ಉಂಡಾಡಿ ಗುಂಡ' ಎನ್ನುತ್ತಾರೆ. ಆದರೆ ಗುಂಡನಲ್ಲಿ ಒಂದು ಖುಷಿಯಾದರೂ ಇರುತ್ತದೆ, ಇವನಲ್ಲಿ ಅದೂ ಇಲ್ಲ.

ಶಾಲೆ ಮುಗಿಸುವ ಪರೀಕ್ಷೆಯ ದಿನ ವಿಕಿ ಮಲಗಿದ್ದಾಳೆ. ಹಾವ್-ಹಾವ್ ಎಬ್ಬಿಸುವುದಿಲ್ಲ, ಬೇಕೆಂದೇ. ಪರೀಕ್ಷೆ ತಪ್ಪಿಹೋಗುತ್ತದೆ, ಓದು ಅಲ್ಲಿಗೆ ನಿಲ್ಲುತ್ತದೆ. ಇನ್ನೊಮ್ಮೆ ಅವನು ತನ್ನ ಅಪ್ಪನ ರೋಲೆಕ್ಸ್ ವಾಚು ಕದ್ದು ಗಿರವಿ ಇಡುತ್ತಾನೆ. ಪೊಲೀಸರು ಮನೆಗೆ ಬರುತ್ತಾರೆ. ಜಗಳ ನಡೆಯುತ್ತದೆ, ವಿಕಿ ಬಿಟ್ಟು ಹೋಗುತ್ತಾಳೆ, ಅವನು ಹುಡುಕಿಕೊಂಡು ಹೋಗಿ ಕರೆತರುತ್ತಾನೆ. ಮತ್ತೆ ಜಗಳ, ಮತ್ತೆ ಹೋಗುವುದು, ಮತ್ತೆ ಬರುವುದು. ಅವಳು ಹೋಸ್ಟೆಸ್ ಬಾರಿನಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅಂದರೆ ಗಿರಾಕಿಗಳ ಜತೆ ಕೂತು, ಮಾತಾಡಿ, ಅವರು ಇನ್ನಷ್ಟು ಕುಡಿಯುವ ಹಾಗೆ ನೋಡಿಕೊಳ್ಳುವ ಕೆಲಸ. ಅಲ್ಲಿ ಜ್ಯಾಕ್ ಎಂಬ ನಡುವಯಸ್ಸಿನ ರೌಡಿಯ ಪರಿಚಯವಾಗುತ್ತದೆ. ಅವನು ಇವಳನ್ನು ಒಂದು ತರಹ ಕಾಪಾಡುತ್ತಾನೆ. ಆಮೇಲೆ ಅವನಿಗೇ ಏನೋ ತೊಂದರೆಯಾಗಿ ಜಪಾನಿಗೆ ಹೋಗುತ್ತಾನೆ. ಇವಳು ಹಿಂದೆ ಹೋದರೆ ಅವನು ಸಿಗುವುದಿಲ್ಲ.

ಕಥೆ ಇಷ್ಟೇ. ಬರೆದಿಟ್ಟರೆ ಒಂದು ಪೋಸ್ಟ್‌ಕಾರ್ಡು. ನೋಡುವುದಕ್ಕೆ ಸುಮಾರು 105 ನಿಮಿಷ.

ಸೇತುವೆಯ ಮೇಲಿನ ದನಿ

ಆ ನೀಲಿ ಸೇತುವೆ ಕೀಲುಂಗ್‌ನದು. ಚಿತ್ರ ಶುರುವಾಗುವುದೇ ಅಲ್ಲಿ. ಹುಡುಗಿ ನಡೆಯುತ್ತಿರುವಾಗ ಸಂಗೀತದ ಮೇಲೆ ಒಂದು ದನಿ ಬರುತ್ತದೆ. ದನಿ ವಿಕಿಯದೇ, ಆದರೆ 'ನಾನು' ಅನ್ನುವುದಿಲ್ಲ, 'ಅವಳು' ಅನ್ನುತ್ತದೆ. ಅವಳು ಹಾವ್-ಹಾವ್‌ನನ್ನು ಬಿಟ್ಟಳು, ಅವನು ಪ್ರತಿಸಲ ಹುಡುಕಿ ತಂದ, ಮೋಡಿ ಹಾಕಿದ ಹಾಗೆ ಅವಳು ವಾಪಸ್ ಬರುತ್ತಿದ್ದಳು ಅನ್ನುತ್ತದೆ. ಆಮೇಲೆ ಒಂದು ಲೆಕ್ಕ: ಬ್ಯಾಂಕಿನಲ್ಲಿ ಐದು ಲಕ್ಷ ತೈವಾನ್ ಡಾಲರ್ ಇದೆ, ಅದು ಖರ್ಚಾಗಿ ಮುಗಿದ ದಿನ ಅವನನ್ನು ಬಿಟ್ಟುಬಿಡುತ್ತೇನೆ ಅಂತ ಅವಳು ತನಗೆ ತಾನೇ ಹೇಳಿಕೊಂಡಿದ್ದಳಂತೆ. ಕೊನೆಗೆ ಇನ್ನೊಂದು ಮಾತು: ಇದೆಲ್ಲ ನಡೆದದ್ದು ಹತ್ತು ವರ್ಷದ ಹಿಂದೆ, 2001ರಲ್ಲಿ, ಜಗತ್ತು ಹೊಸ ಶತಮಾನದ ಹಬ್ಬ ಮಾಡುತ್ತಿದ್ದಾಗ.

ಚಿತ್ರ ತೆರೆಗೆ ಬಂದದ್ದೂ 2001ರಲ್ಲೇ. ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಅಂದರೆ ಆಗಷ್ಟೇ ನಡೆಯುತ್ತಿದ್ದ ಬದುಕನ್ನು, ಇನ್ನೂ ಬಾರದ 2011ರಲ್ಲಿ ನಿಂತು ನೆನಪು ಮಾಡಿಕೊಳ್ಳುತ್ತಾರೆ. ಈ ಆಟ ಹೊಳೆದಾಗ ನನಗೆ ಖುಷಿಯಾಯಿತು. ಎಷ್ಟೋ ಕಡೆ ಆ ದನಿ ಏನಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತದೆ, ಆಮೇಲೆ ಅದು ನಡೆಯುವುದನ್ನು ನಾವು ನೋಡುತ್ತೇವೆ. 'ಮುಂದೇನು' ಎಂಬ ಕುತೂಹಲ ಹೋಯಿತು. ಇನ್ನು ಉಳಿಯುವುದು ಕೋಣೆ, ಬೆಳಕು, ಹೊಗೆ, ಮುಖ. ಹಳೇ ಆಲ್ಬಂ ತಿರುವುವಾಗ ನಾವೇನು ಮುಂದಿನ ಪುಟಕ್ಕೆ ಕಾಯುತ್ತೇವಾ?

ಹಾಗಾಗಿ ಈ ಚಿತ್ರಕ್ಕೆ ಗುರಿಯಿಲ್ಲ, ಸುಮ್ನೆ ತೇಲುತ್ತದೆ ಅನ್ನುವವರ ಮಾತು ನನಗೆ ಅರ್ಧ ಮಾತ್ರ ಸರಿ. ತೇಲುತ್ತಿರುವುದು ಅದರ ಹುಡುಗರು. ಚಿತ್ರಕ್ಕೆ ಒಂದು ಗಟ್ಟಿ ಲೆಕ್ಕವಿದೆ, ಅದು ದುಡ್ಡಿನ ಲೆಕ್ಕ.

ಐದು ಲಕ್ಷ ತೈವಾನ್ ಡಾಲರ್ ಅಂದರೆ ಆಗಿನ ದರದಲ್ಲಿ ಸುಮಾರು 15 ಸಾವಿರ ಅಮೆರಿಕನ್ ಡಾಲರ್. ನಮ್ಮ ರೂಪಾಯಿಯಲ್ಲಿ ಏಳು ಲಕ್ಷದ ಹತ್ತಿರ. ಕೆಲಸವಿಲ್ಲದ ಇಪ್ಪತ್ತರ ಹುಡುಗಿಗೆ ಅದು ಸಣ್ಣ ಮೊತ್ತವಲ್ಲ, ಇಡೀ ಬದುಕಿಗಾಗುವ ಮೊತ್ತವೂ ಅಲ್ಲ. ನಾವಾದರೆ ಉಲ್ಟಾ ಯೋಚಿಸುತ್ತೇವೆ: ಒಂದಿಷ್ಟು ದುಡ್ಡು ಕೂಡಿಟ್ಟು ಆಮೇಲೆ ಹೊರಡೋಣ. ವಿಕಿ ದುಡ್ಡು ಮುಗಿದ ಮೇಲೆ ಹೊರಡುತ್ತೇನೆ ಅನ್ನುತ್ತಾಳೆ. ಅವಳು ತಾರೀಕು ಹಾಕಿಕೊಂಡಿಲ್ಲ, ಬ್ಯಾಲೆನ್ಸ್ ಹಾಕಿಕೊಂಡಿದ್ದಾಳೆ. ಒಂದೊಂದು ಪೆಗ್ಗು, ಒಂದೊಂದು ಟ್ಯಾಕ್ಸಿ, ಒಂದೊಂದು ಪ್ಯಾಕ್ ಸಿಗರೇಟು ಅವಳನ್ನು ಬಾಗಿಲಿನ ಹತ್ತಿರ ತರುತ್ತದೆ.

ಇಲ್ಲಿ ಒಂದು ತೊಡಕಿದೆ. ನಿರ್ದೇಶಕರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಇದು ನನ್ನ ಓದು. ಮನೆಯಲ್ಲಿ ದುಡಿಯುವವರು ಯಾರೂ ಇಲ್ಲ ಅಂತ ವಿಕಿ ಬಾರಿನ ಕೆಲಸಕ್ಕೆ ಸೇರಿದಳಲ್ಲ, ಅಲ್ಲಿಂದ ದುಡ್ಡು ಒಳಗೆ ಬರತೊಡಗಿತು. ಬಂದರೆ ಮುಗಿಯುವುದು ಯಾವಾಗ? ಅವಳು ದುಡಿದಷ್ಟೂ ಹೊರಡುವ ದಿನ ಹಿಂದಕ್ಕೆ ಸರಿಯುತ್ತದೆ. ತನ್ನ ಬಿಡುಗಡೆಯನ್ನು ತಾನೇ ಸಂಬಳ ಕೊಟ್ಟು ಮುಂದೂಡಿದ ಹಾಗೆ. "ಇವಳು ಯಾಕೆ ಎದ್ದು ಹೋಗಲ್ಲ?" ಎಂಬ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ, ಗೊತ್ತು. ಮೋಡಿ ಹಾಕಿದ ಹಾಗೆ ಎಂಬ ಮಾತೂ ಅಲ್ಲೇ ಇದೆ. ಆದರೆ ಮೋಡಿ ಅಂದುಬಿಟ್ಟರೆ ಮಾತು ಮುಗಿಯಿತು. ಲೆಕ್ಕ ಅಂದರೆ ಮುಂದಿನ ದೃಶ್ಯಗಳು ಬಿಡಿಸಿಕೊಳ್ಳುತ್ತವೆ.

ಚೀಟಿ ಹುಡುಕುವವನು

ಮನೆಗೆ ವಾಪಸ್ ಬರುವ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಬೆಳಗಿನ ಜಾವವೋ ರಾತ್ರಿಯೋ ಹೇಳುವುದು ಕಷ್ಟ, ಈ ಮನೆಯಲ್ಲಿ ಎರಡೂ ಒಂದೇ. ವಿಕಿ ಕ್ಲಬ್ಬಿನಿಂದ ಬರುತ್ತಾಳೆ. ಕ್ಯಾಮೆರಾ ಕೋಣೆಯ ಒಂದು ಕಡೆ ನಿಂತಿದೆ, ಕಟ್ ಇಲ್ಲ, ಅವಳು ಅತ್ತಿತ್ತ ಹೋದರೆ ಮೆಲ್ಲಗೆ ಕತ್ತು ಹೊರಳಿಸುತ್ತದೆ ಅಷ್ಟೇ. ಪಕ್ಕದಿಂದ ಟೆಕ್ನೋ ದಡದಡ. ಹಾವ್-ಹಾವ್ ಎದ್ದು ಬರುತ್ತಾನೆ. ಎಲ್ಲಿದ್ದೆ ಅಂತ ಕೂಗಾಡುವುದಿಲ್ಲ. ಹತ್ತಿರ ಬಂದು ಅವಳ ಮೈ ಮೂಸುತ್ತಾನೆ. ಕತ್ತು, ತೋಳು, ಬಟ್ಟೆ. ಬೇರೆ ಗಂಡಸಿನ ವಾಸನೆ ಇದೆಯಾ ಅಂತ. ಅವಳು ತಳ್ಳುವುದೂ ಇಲ್ಲ, ಒಪ್ಪುವುದೂ ಇಲ್ಲ, ಮುಖ ಒಂದು ಕಡೆ ತಿರುಗಿಸಿ ನಿಲ್ಲುತ್ತಾಳೆ. ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡುವವನ ಮುಂದೆ ನಾವು ನಿಲ್ಲುವ ಹಾಗೆ.

ಮೂಸಿ ಮುಗಿದ ಮೇಲೆ ಚೀಲದ ಸರದಿ. ಅವನು ಅವಳ ಬಿಲ್ಲುಗಳನ್ನು, ಬ್ಯಾಂಕಿನ ಚೀಟಿಗಳನ್ನು, ಫೋನ್ ಲೆಕ್ಕವನ್ನು ನೋಡುತ್ತಾನೆ. ಎಲ್ಲಿ, ಎಷ್ಟು, ಯಾರಿಗೆ. ಕೆಲಸ ಮಾಡದ ಈ ಹುಡುಗ ಇಡೀ ಚಿತ್ರದಲ್ಲಿ ಶ್ರದ್ಧೆಯಿಂದ ಮಾಡುವ ಕೆಲಸ ಇದೊಂದೇ. ತಮಾಷೆಯೆಂದರೆ ಅವನಿಗೂ ಅವಳಿಗೂ ಓದುವುದಕ್ಕೆ ಇರುವುದು ಒಂದೇ ಲೆಕ್ಕದ ಪುಸ್ತಕ. ಅವಳು ಮುಗಿಯಲಿ ಅಂತ ನೋಡುತ್ತಾಳೆ, ಅವನು ಸೋರದಿರಲಿ ಅಂತ ನೋಡುತ್ತಾನೆ.

ಅಕ್ಕನ ಮಗಳು ಇಲ್ಲಿ ಫೋನ್ ಕೆಳಗಿಟ್ಟಳು. ಅವಳ ಪಿಜಿಯ ಗೆಳತಿಯೊಬ್ಬಳಿಗೆ ದಿನಾ ಲೊಕೇಶನ್ ಕಳಿಸು ಅನ್ನುವ ಹುಡುಗ ಇದ್ದಾನಂತೆ. ಯುಪಿಐ ಲೆಕ್ಕದ ಸ್ಕ್ರೀನ್‌ಶಾಟ್ ಕೂಡ ಬೇಕಂತೆ. "ಇವನು ಪಾಪ, ಮೂಸಿ ನೋಡ್ತಾನೆ" ಅಂದಳು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಹಾವ್-ಹಾವ್ ಒಂದು ಕಡೆ ವಿಕಿಗೆ ಹೇಳುತ್ತಾನೆ: ನೀನು ನಿನ್ನ ಲೋಕದಿಂದ ನನ್ನ ಲೋಕಕ್ಕೆ ಇಳಿದು ಬಂದವಳು, ಅದಕ್ಕೇ ನನ್ನ ಲೋಕ ನಿನಗೆ ಅರ್ಥವಾಗಲ್ಲ. ಕೇಳಲು ಪ್ರೇಮಿಯ ಮಾತಿನ ಹಾಗಿದೆ. ಮೂಸಿದ ಕೋಣೆಯಲ್ಲಿ ಕೂತು ಕೇಳಿದರೆ ಬೇರೆಯೇ ಕೇಳಿಸುತ್ತದೆ.

ಬೆಳಕು, ಸದ್ದು, ಮತ್ತು ಚೆಂದದ ಅಪಾಯ

ಇದನ್ನು ಚಿತ್ರೀಕರಿಸಿದವರು ಮಾರ್ಕ್ ಲೀ ಪಿಂಗ್-ಬಿಂಗ್. ಕೋಣೆಯಲ್ಲಿ, ಕ್ಲಬ್ಬಿನಲ್ಲಿ ಇರುವ ದೀಪವನ್ನೇ ಆದಷ್ಟು ನಂಬಿ ತೆಗೆಯುವವರು. ಬೆಳಕು ಕಡಿಮೆ ಅಂದಮೇಲೆ ಲೆನ್ಸು ಪೂರ್ತಿ ತೆರೆಯಬೇಕು. ತೆರೆದರೆ ಫೋಕಸ್ ಇರುವುದು ಕೂದಲೆಳೆಯಷ್ಟು ಜಾಗದಲ್ಲಿ. ಮುಖ ಸ್ಪಷ್ಟ, ಕಿವಿಯ ಹಿಂದೆ ಎಲ್ಲ ಬಣ್ಣದ ಉಂಡೆ. ವಿಕಿ ಒಂದು ಹೆಜ್ಜೆ ಇಟ್ಟರೆ ಅವಳೂ ಮಸುಕು. ಅವಳ ಬದುಕಿನ ಮಸುಕಿಗೆ ಇದು ಒಗ್ಗುತ್ತದೆ ಅಂತ ವಿಮರ್ಶೆಯ ಮಾತು ಹೇಳಬಹುದು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಇದು: ನಟರಿಗೆ ಇಲ್ಲೇ ನಿಲ್ಲು ಅಂತ ಗೆರೆ ಎಳೆದು ಕೊಡದೆ, ಅವರು ಹೋದಲ್ಲೆಲ್ಲ ಫೋಕಸ್ ಹಿಂದೆ ಓಡುತ್ತದೆ. ಹೋ ತಮ್ಮ ನಟರಿಗೆ ಸಂದರ್ಭ ಕೊಡುತ್ತಾರೆ, ಬಾಯಿಪಾಠದ ಮಾತು ಕೊಡುವುದಿಲ್ಲ. ಚಿತ್ರಕಥೆ ಚೂ ತಿಯೆನ್-ವೆನ್ ಅವರದು. 1983ರಿಂದ ಅವರಿಬ್ಬರದು ಒಟ್ಟಿಗೆ ಕೆಲಸ.

ಸದ್ದಿನ ಕೆಲಸ ತು ದು-ಚಿ ಅವರದು. ಆ ವರ್ಷ ಕಾನ್‌ನಲ್ಲಿ ತಾಂತ್ರಿಕ ಪ್ರಶಸ್ತಿ ಅವರಿಗೇ ಬಂತು, ಈ ಚಿತ್ರಕ್ಕೂ ಇನ್ನೊಂದು ತೈವಾನ್ ಚಿತ್ರಕ್ಕೂ ಸೇರಿಸಿ. ಕ್ಲಬ್ಬಿನ ಸಂಗೀತ ಮನೆಯೊಳಗೂ ಬಿಡುವುದಿಲ್ಲ ಎಂಬುದನ್ನು ಗಮನಿಸಿ. ಹಾಡು ಲಿಮ್ ಗಿಯಾಂಗ್ ಅವರದು. 1990ರಲ್ಲಿ ತೈವಾನಿ ಭಾಷೆಯ ರಾಕ್ ಹಾಡಿ ಹೆಸರು ಮಾಡಿದವರು, ಹೋ ಚಿತ್ರಗಳಲ್ಲಿ ನಟಿಸಿದವರು, ಆಮೇಲೆ ಎಲೆಕ್ಟ್ರಾನಿಕ್ ಸಂಗೀತದ ಕಡೆ ಹೊರಳಿದವರು. ಸೇತುವೆಯ ಮೇಲಿನ ಹಾಡು ಒಂದು ಸಲ ಕಿವಿಗೆ ಬಿದ್ದರೆ ಮೂರು ದಿನ ಬಿಡುವುದಿಲ್ಲ, ಹೇಳಿರುತ್ತೇನೆ.

ಇಷ್ಟೆಲ್ಲ ಚೆಂದ ಇರುವುದರಿಂದಲೇ ಒಂದು ಅಪಾಯವೂ ಇದೆ. ಒಬ್ಬಳು ಹುಡುಗಿಯ ಮೇಲೆ ಕಣ್ಗಾವಲು ಇಟ್ಟ ಕೋಣೆಯನ್ನು ಇಷ್ಟು ಸುಂದರವಾಗಿ ತೋರಿಸಬಹುದಾ? ಕಾನ್‌ನಲ್ಲೂ ಎಲ್ಲರೂ ಮೆಚ್ಚಲಿಲ್ಲ. ಚೆಂದ ಇದೆ, ಒಳಗೆ ಟೊಳ್ಳು ಅಂದವರಿದ್ದರು. ನನಗೆ ಟೊಳ್ಳು ಕಾಣುವುದು ಜ್ಯಾಕ್ ಭಾಗದಲ್ಲಿ ಮಾತ್ರ. ಆ ಪಾತ್ರ ಮಾಡಿದ ಜ್ಯಾಕ್ ಕಾವ್ ಒಳ್ಳೆಯ ನಟ, ಹೋ ಚಿತ್ರಗಳಲ್ಲಿ ರೌಡಿಯಾಗಿ ಪಳಗಿದವರು. ಆದರೆ ಮಾತು ಕಡಿಮೆ ಆಡುವ, ಹೊದಿಕೆಯ ಹಾಗೆ ಕಾಪಾಡುವ ರೌಡಿಯ ಮೇಲೆ ನಿರ್ದೇಶಕರಿಗೆ ಒಂದು ಹಳೆಯ ಮಮಕಾರವಿದೆ. ಆ ಮಮಕಾರ ವಿಕಿಯದೋ, ಐವತ್ತು ದಾಟಿದ ಹೋ ಅವರದೋ ಅಂತ ಅನುಮಾನ ಬರುತ್ತದೆ. ಜ್ಯಾಕ್ ಯಾವತ್ತೂ ಅವಳ ಚೀಲ ತೆರೆಯುವುದಿಲ್ಲ, ಅದು ಸರಿ. ಆದರೆ ಅವನ ಹತ್ತಿರ ಇರುವ ದುಡ್ಡು ಎಲ್ಲಿಂದ ಬರುತ್ತದೆ ಅಂತ ಚಿತ್ರವೂ ಕೇಳುವುದಿಲ್ಲ. ಉಳಿದವರ ಲೆಕ್ಕವೆಲ್ಲ ಬಿಚ್ಚಿಟ್ಟು ಇವನೊಬ್ಬನಿಗೆ ವಿನಾಯಿತಿ ಯಾಕೆ?

ಆ ವರ್ಷ, ಆ ಊರು

ತೈವಾನಿನಲ್ಲಿ 1949ರಿಂದ 1987ರ ತನಕ ಸೇನಾಡಳಿತದ ಕಾನೂನು ಇತ್ತು. ವಿಕಿಯ ವಯಸ್ಸಿನವರು ಅದು ಹೋದಮೇಲೆ ದೊಡ್ಡವರಾದವರು. ಅವರ ಕಣ್ಣೆದುರು ಕಂಪ್ಯೂಟರ್ ಚಿಪ್ಪಿನ ದುಡ್ಡಿನಲ್ಲಿ ತೈಪೆ ಮೇಲೆದ್ದಿತು. 2001ಕ್ಕೆ ಅಮೆರಿಕದ ಟೆಕ್ ಕಂಪನಿಗಳ ಷೇರಿನ ಗುಳ್ಳೆ ಒಡೆದು ತೈವಾನಿನ ರಫ್ತು ಕುಸಿಯಿತು, ಅಲ್ಲಿಯ ಆರ್ಥಿಕತೆ ಆ ವರ್ಷ ಬೆಳೆಯುವ ಬದಲು ಕುಗ್ಗಿತು. ಚಿತ್ರದಲ್ಲಿ ಇದ್ಯಾವುದರ ಮಾತೂ ಇಲ್ಲ. ಒಂದು ಪತ್ರಿಕೆ ಕೂಡ ಯಾರೂ ಓದುವುದಿಲ್ಲ.

ಹೋ ಮೊದಲೂ ಗುರಿಯಿಲ್ಲದ ಹುಡುಗರ ಬಗ್ಗೆ ಚಿತ್ರ ಮಾಡಿದ್ದವರು. 1983ರ ಅವರ ಚಿತ್ರವೊಂದರಲ್ಲಿ ದ್ವೀಪದ ಮೀನುಗಾರರ ಊರಿನ ಹುಡುಗರು ಕಾವ್‌ಶ್ಯುಂಗ್ ಎಂಬ ನಗರಕ್ಕೆ ಬರುತ್ತಾರೆ. ಅವರಿಗೂ ಕೆಲಸವಿಲ್ಲ, ಜಗಳ ಬೇಕಾದಷ್ಟು. ಆದರೆ ಅವರ ಬೆನ್ನ ಹಿಂದೆ ಒಂದು ಊರು, ಕಡಲು, ಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಅಪ್ಪ ಇದ್ದರು. ಹಾವ್-ಹಾವ್‌ಗೆ ಅಪ್ಪ ಅಂದರೆ ಒಂದು ರೋಲೆಕ್ಸು. ವಿಕಿಗೆ ವಾಪಸ್ ಹೋಗಲು ಇರುವುದು ಅದೇ ಫ್ಲ್ಯಾಟು.

ಹಿಮದ ಊರು

ಚಿತ್ರದಲ್ಲಿ ವಿಕಿ ತೈಪೆಯ ರಾತ್ರಿಯಿಂದ ಹೊರಗೆ ಬರುವುದು ಜಪಾನಿನ ಯೂಬಾರಿಯಲ್ಲಿ. ಹೊಕ್ಕೈಡೋ ದ್ವೀಪದ ಸಣ್ಣ ಊರು. ತೈಪೆಯಲ್ಲಿ ಪರಿಚಯವಾದ ಇಬ್ಬರು ಅಣ್ಣತಮ್ಮಂದಿರು ಅಲ್ಲಿಯವರು, ಅವರ ಅಜ್ಜಿಯ ಪುಟ್ಟ ಹೋಟೆಲು ಅಲ್ಲಿದೆ. ಸೊಂಟದೆತ್ತರ ಹಿಮ. ವಿಕಿ ಹಿಮದ ರಾಶಿಗೆ ಮುಖ ಒತ್ತುತ್ತಾಳೆ, ತೆಗೆದರೆ ಅಚ್ಚು ಬಿದ್ದಿದೆ. ನಗುತ್ತಾಳೆ. ಸಂಗೀತ ಇಲ್ಲ. ನೂರು ನಿಮಿಷದ ಚಿತ್ರದಲ್ಲಿ ಗಾಳಿ ಆಡುವ ಜಾಗ ಇದೊಂದೇ. ಹಾವ್-ಹಾವ್ ಹಿಮದ ಗೊಂಬೆಯ ಹಾಗೆ, ಬಿಸಿಲು ಬಂದರೆ ಇರುವುದಿಲ್ಲ ಅಂತ ಅವಳಿಗೆ ಅನ್ನಿಸಿತ್ತು ಅಂತ ದನಿ ನೆನೆಯುತ್ತದೆ.

ಯೂಬಾರಿ ಒಂದು ಕಾಲಕ್ಕೆ ಕಲ್ಲಿದ್ದಲಿನ ಊರು. ಲಕ್ಷ ದಾಟಿ ಜನ ಇದ್ದರು. ಕೊನೆಯ ಗಣಿ ಮುಚ್ಚಿದ್ದು 1990ರಲ್ಲಿ. ಬೇರೇನಾದರೂ ಮಾಡಬೇಕಲ್ಲ ಅಂತ ಅದೇ ವರ್ಷ ಸಿನಿಮಾ ಉತ್ಸವ ಶುರು ಮಾಡಿದರು. ಬೀದಿಯುದ್ದಕ್ಕೂ ಕೈಯಲ್ಲಿ ಬರೆದ ಹಳೇ ಸಿನಿಮಾ ಪೋಸ್ಟರು ಹಾಕಿದರು. ವಿಕಿ ಹೋಗುವುದು ಆ ಬೀದಿಗೆ. ಆದರೆ ಉತ್ಸವ, ಮನರಂಜನೆ ಪಾರ್ಕು ಅಂತ ಮಾಡಿದ ಸಾಲ ಬೆಳೆಯುತ್ತಲೇ ಹೋಯಿತು. 2007ರಲ್ಲಿ ಯೂಬಾರಿ ನಗರಾಡಳಿತವೇ ದಿವಾಳಿಯಾಯಿತು. ಇಂದು ಅಲ್ಲಿ ಹತ್ತು ಸಾವಿರ ಜನರೂ ಇಲ್ಲ.

2001ರಲ್ಲಿ ಕೂತು 2011ರ ದನಿ ಬರೆದವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ನಿಜವಾದ 2011ರಲ್ಲಿ ಯಾರಾದರೂ ಹಾಗೆ ನೆನೆದಿದ್ದರೆ, ಅವರು ನೆನೆದ ಊರಿನ ಖಾತೆಯೇ ಅಷ್ಟರಲ್ಲಿ ಖಾಲಿ.

ಆಮೇಲಿನ ಸಂಗತಿ ಬೇಗ ಹೇಳುತ್ತೇನೆ. ವಿಕಿಯಾದ ಶು ಚಿ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಆಗಲೇ ಹೆಸರಾಗಿದ್ದವರು. ಆದರೂ ಈ ಚಿತ್ರದ ನಂತರ ಅವರನ್ನು ನೋಡುವ ಕಣ್ಣು ಬದಲಾಯಿತು. ಹೋ ಜತೆ ಇನ್ನೆರಡು ದೊಡ್ಡ ಚಿತ್ರ ಮಾಡಿದರು, 2015ರದಕ್ಕೆ ಹೋ ಅವರಿಗೆ ಕಾನ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. 2022ರಲ್ಲಿ 'ಮಿಲೇನಿಯಂ ಮ್ಯಾಂಬೋ' 4ಕೆಯಲ್ಲಿ ಹೊಸದಾಗಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. 2023ರಲ್ಲಿ ಹೋ ಮರೆವಿನ ಕಾಯಿಲೆಯಿಂದ ಸಿನಿಮಾ ಬಿಟ್ಟಿದ್ದಾರೆ ಅಂತ ಅವರ ಮನೆಯವರು ತಿಳಿಸಿದರು. 2025ರಲ್ಲಿ ಶು ಚಿ ತಾವೇ ನಿರ್ದೇಶಿಸಿದ ಮೊದಲ ಚಿತ್ರ ವೆನಿಸ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು.

ಸಿನಿಮಾ ಮುಗಿದಾಗ ಹನ್ನೊಂದೂವರೆ. ಪಿಜಿ ಗೇಟು ಹಾಕಿರುತ್ತಾರೆ ಅಂತ ಅಕ್ಕನ ಮಗಳು ನಮ್ಮಲ್ಲೇ ಉಳಿದಳು. ಹೊದಿಕೆ ತಂದು ಕೊಡುವಾಗ ಕೇಳಿದಳು: "ಮಾಮ, ಆ ಐದು ಲಕ್ಷದಲ್ಲಿ ಕೊನೆಗೆ ಎಷ್ಟು ಉಳಿದಿತ್ತು?"

ಕೊನೆಯಲ್ಲಿ ಹಿಮ ತೋರಿಸುತ್ತಾರೆ, ಬೀದಿ ತೋರಿಸುತ್ತಾರೆ, ಪೋಸ್ಟರ್ ತೋರಿಸುತ್ತಾರೆ, ಪಾಸ್‌ಬುಕ್ ತೋರಿಸಲ್ಲ ಅಂದೆ.

"ಮತ್ತೆ ಅವಳು ಬಿಟ್ಟಿದ್ದು ಹೆಂಗೆ?"

"ನೀನೇ ಇನ್ನೊಂದು ಸಲ ನೋಡು" ಅಂತ ಲೈಟ್ ಆರಿಸಿದೆ. ಕತ್ತಲಲ್ಲಿ ಅವಳ ಫೋನ್ ಹೊತ್ತಿಕೊಂಡಿತು. ಸೇತುವೆಯ ಹಾಡು, ಈ ಸಲ ಆ ದನಿಯೂ ಸೇರಿ.